ಯಜಮಾನರ ಗ್ರೀಕ್ ಹೆಸರು

ನಮ್ಮ ಯಜಮಾನರ ಕಣ್ಣಿನ ಆಪರೇಶನ್‌ಗೆ ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ರೈಲಿನ್ಯಾಗ ಹೊಂಟಿದ್ವಿ. ಅವರು ಬಾಳ ಅಂಜಿದ್ರು. ಎದುರಿಗೆ ಕುಂತ ಹುಡುಗಿ ಹಳೇ ಗ್ರೀಕ್ ಭಾಷಾ ಓದಾಕತ್ತಿದ್ಳು. ಅದರಾಗ ಮನಷ್ಯಾರ ಹೆಸರೂ ಮಾತಿಗೆ ತಕ್ಕಂಗ ರೂಪ ಬದಲಸ್ತಾವಂತ.

“ಅಜ್ಜಾರ ಹೆಸರೇನ್ರಿ ಅಜ್ಜಿ?” ಅಂದ್ಳು.

ಗಂಡನ ಹೆಸರು ನಾವು ಬಾಯಿಲೆ ಅನ್ನೂದಿಲ್ಲ. ಅವರೇ ಹೇಳಿದ್ರು.

“ಬಸಯ್ಯಾಸ್ ಬಂದ್ರು ಅನ್ನಬೇಕ್ರಿ. ಅವರ ಮನಿ ಅಂದ್ರ ಬಸಯ್ಯೂ ಮನಿ” ಅಂದ್ಳು ಹುಡುಗಿ.

ದವಾಖಾನಿ ಬಾಗಿಲದಾಗ ಅವರ ಕಾಲು ಮುಂದ ಹೋಗವಲ್ವು. ನಾನು ಮೆಲ್ಲಗ, “ಬಸಯ್ಯಾಸ್, ನಾ ಇಲ್ಲೇ ಕುಂತಿರ್ತೇನಿ, ಹೋಗಿ ಬರ್ರಿ” ಅಂದೆ. ಐವತ್ತು ವರ್ಷದಾಗ ಅದೇ ಮೊದಲು. ಅವರು ನಕ್ಕು, “ಓ” ಅಂದು ಒಳಗ ಹೋದ್ರು.

ಕರಿಯೂವಾಗ ಕೊನೀ ‘ಸ್’ ಬಿಡಬೇಕಂತ ರೈಲಿನ್ಯಾಗ ಹುಡುಗಿ ಹೇಳಿದ್ದಳು. ಬಿಟ್ರ ಬರೇ ಅವರ ಹೆಸರ ಉಳೀತದ. ಅಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.