ಬೆಳಗಿನ ರೈಲು ಮತ್ತು ಮೂರನೆಯ ‘ಬೇಡ’

ಕೆನೆ ತುಂಬಿದ ಎರಡು ಕ್ಯಾನುಗಳನ್ನು ಪ್ಲಾಟ್‌ಫಾರ್ಮಿನ ಅಂಚಿಗಿಟ್ಟು ಗುನ್ವೋರ್ ನಿಂತಿದ್ದಳು. ಮಿನೆಸೋಟದ ಆ ಪುಟ್ಟ ನಿಲ್ದಾಣದಲ್ಲಿ ಬೆಳಗಿನ ರೈಲು ನಿಲ್ಲದೆ ಎರಡು ಬೇಸಿಗೆ ಕಳೆದಿತ್ತು. ಪೇಟೆಯ ಬೆಣ್ಣೆ ಕಾರ್ಖಾನೆಗೆ ಕುದುರೆ ಗಾಡಿಯಲ್ಲಿ ಒಯ್ದರೆ ಕೆನೆ ದಾರಿಯಲ್ಲೇ ಹುಳಿಯಾಗುತ್ತಿತ್ತು. ರೈಲು ಇನ್ನೂ ನಿಲ್ಲದಿದ್ದರೆ ಉಳಿದ ಹಸುಗಳನ್ನೂ ಮಾರುವುದೇ ಎಂದು ಗಂಡ ಆಮುಂಡ್ ಹೇಳಿಯಾಗಿತ್ತು.

ಇಲ್ಲಿ ರೈಲು ನಿಲ್ಲಿಸಿ ಎಂದು ರಾಜ್ಯದ ರೈಲು ಮಂಡಳಿ ಹುಕುಂ ಮಾಡಿದ್ದು ಈ ಊರ ಚರ್ಚಿನ ನೆಲಮಾಳಿಗೆಯಲ್ಲೇ. ಅಂದು ಕಾಫಿ ಕಾಸಿದವಳು ಗುನ್ವೋರ್. ನಾರ್ವೆಯಿಂದ ಬಂದ ಈ ಜನರಲ್ಲಿ ಕಾಫಿಯನ್ನು ಮೂರು ಸಲ ಕೇಳಬೇಕು. ಮೊದಲೆರಡು ‘ಬೇಡ’ ಬರೀ ಮರ್ಯಾದೆಗೆ, ಮೂರನೆಯದೇ ನಿಜ. ಮಂಡಳಿಯ ಅಧ್ಯಕ್ಷನೂ ಅದೇ ಜನದವನು. ರೈಲು ಕಂಪನಿಯ ವಕೀಲನನ್ನು ಮೂರು ಸಲ ಕೇಳಿದ್ದ: “ನಿಮ್ಮ ತಕರಾರು ಏನಾದ್ರೂ ಇದ್ಯಾ ಸ್ವಾಮಿ?”

ಮೂರು ಸಲವೂ ವಕೀಲ “ಇಲ್ಲ” ಎಂದ. ಹೊರಗೆ ಬಂದು ಗುಮಾಸ್ತನಿಗೆ, “ಹಾಲು ಕರೆಯೋರ ಮುಂದೆ ಸಂವಿಧಾನ ಯಾಕಯ್ಯ ಬಿಚ್ಚಲಿ? ವಾಷಿಂಗ್ಟನ್‌ನಲ್ಲಿ ನೋಡ್ಕೋತೀನಿ” ಎಂದು ನಕ್ಕದ್ದು ಅವಳ ಕಿವಿಗೂ ಬಿದ್ದಿತ್ತು.

ಮಂಡಳಿಯ ಮುಂದೆ ಎತ್ತದ ತಕರಾರನ್ನು ಆಮೇಲೆ ಎತ್ತುವಂತಿಲ್ಲ. ಅದು ರಾಜ್ಯದ ಕಾನೂನು. ಕಂಪನಿ ಆಮೇಲೆ ಸಂವಿಧಾನದ ತಕರಾರು ಎತ್ತಿದಾಗ ರಾಜ್ಯದ ಕೋರ್ಟು ಅಷ್ಟೇ ಹೇಳಿ ಅದನ್ನು ವಾಪಸ್ಸು ಕಳಿಸಿತು. ಕಂಪನಿ ವಾಷಿಂಗ್ಟನ್‌ನ ಸುಪ್ರೀಂ ಕೋರ್ಟಿಗೆ ಓಡಿತು, ಅಲ್ಲಿ ತೀರ್ಮಾನವಾಗುವವರೆಗೆ ಹುಕುಮಿಗೆ ತಡೆಯನ್ನೂ ತಂದಿತು. ಉಳ್ಳವರಿಗೆ ಕಾಯುವುದೂ ಒಂದು ದಂಧೆ. ಕೆನೆ ಕಾಯುವುದಿಲ್ಲ.

ವಾಷಿಂಗ್ಟನ್ನಿನ ತೀರ್ಪು ಇಂದು ಬರುವುದೆಂದೇ ಗುನ್ವೋರ್ ಕ್ಯಾನು ತಂದಿದ್ದಳು. ಒಳಗೆ ತಂತಿ ಯಂತ್ರ ಟಕಟಕಿಸಿತು. ಸ್ಟೇಷನ್ ಮಾಸ್ತರ ಓಸ್ಮುಂಡ್ ಬಾಗಿಲಿಗೆ ಬಂದ. ಮುಖದಲ್ಲಿ ನಗುವಿರಲಿಲ್ಲ.

“ನ್ಯಾಯ ನಮ್ಕಡೆ ಅಂದ್ರಾ?” ಗುನ್ವೋರ್ ಕೇಳಿದಳು.

“ನ್ಯಾಯದ ಮಾತೇ ಆಡಿಲ್ಲ ಕಣಮ್ಮ. ರಾಜ್ಯದ ಕೋರ್ಟು ತನ್ನ ಕಾನೂನಿನ ಮೇಲೇ ತೀರ್ಪು ಕೊಟ್ಟಿದೆ, ನಾವು ಕೈ ಹಾಕೋ ಹಂಗಿಲ್ಲ ಅಂತ ಫೈಲು ಮುಚ್ಚಿದಾರೆ.”

“ಹಂಗಾದ್ರೆ ರೈಲು?”

“ಹುಕುಂ ಉಳೀತು. ಡ್ರೈವರಿಗೆ ಹೇಳಿದಾರೋ ಇಲ್ವೋ, ಯಾರಿಗ್ಗೊತ್ತು!”

ದೂರದಲ್ಲಿ ಹೊಗೆ ಕಂಡಿತು. ಓಸ್ಮುಂಡ್ ಕೆಂಪು ಬಾವುಟ ಹಿಡಿದು ಓಡಿದ. ಎಂಜಿನ್ನು ಎಂದಿನ ವೇಗದಲ್ಲೇ ನುಗ್ಗಿ ಬಂತು. ಹಲಗೆ ನಡುಗಿತು, ಕ್ಯಾನುಗಳ ಮುಚ್ಚಳಗಳು ಗಲಗಲ ಎಂದವು. ಗುನ್ವೋರ್ ಕ್ಯಾನುಗಳ ಹಿಡಿಯನ್ನು ಬಿಗಿಯಾಗಿ ಹಿಡಿದಳು, ಹಿಂದೆ ಸರಿಯಲಿಲ್ಲ. ಎಂಜಿನ್ನು ದಾಟಿತು. ಒಂದು ಬೋಗಿ ದಾಟಿತು, ಇನ್ನೊಂದು. ಆಮೇಲೆ ಚಕ್ರಗಳು ಕಿರುಚಿದವು. ಸರಕಿನ ಬೋಗಿ ಅವಳೆದುರಿಗೇ ನಿಂತಿತು.

ಗಾರ್ಡು ಬಾಗಿಲೆಳೆದು ಗೊಣಗಿದ: “ಈ ಕೊಂಪೇಲಿ ನಿಲ್ಲಿಸಿ ನಮ್ಮ ಹೊತ್ತೆಲ್ಲ ಹಾಳು.”

“ನಮ್ಮದು ಎರಡು ಬೇಸಿಗೆ ಹಾಳಾಯ್ತಪ್ಪ. ಹಿಡಿ ಇದನ್ನ. ಕಾಫಿ ಕೊಡ್ಲಾ?”

“ಬೇಡ.”

ಗುನ್ವೋರ್ ಮತ್ತೆ ಕೇಳಲಿಲ್ಲ.