ಕ್ಯಾಲೆಂಡರಿಗೆ ಬೇಕಾದ ಬೀದಿ

ಜಯನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಫೋಟೋಗ್ರಾಫರು ಯಾವುದನ್ನೂ ಇದ್ದ ಜಾಗದಲ್ಲಿ ಇರಗೊಡುತ್ತಿರಲಿಲ್ಲ. ಮದುವೆಮನೆಯಲ್ಲಿ ಪುರೋಹಿತರಿಗೂ "ಸ್ವಲ್ಪ ಪಕ್ಕಕ್ಕೆ ಸರೀರಿ, ಚೆನ್ನಾಗಿ ಬರತ್ತೆ" ಎನ್ನುತ್ತಾ, ಎಮ್ಮೆ ಓಡಿಸುವ ಹಾಗೆ ಎರಡೂ ಕೈ ಬೀಸುತ್ತಿದ್ದರು.

ಒಮ್ಮೆ ಯಾರೋ ಅವರಿಗೆ 'ಉದ್ಯಾನನಗರಿ' ಕ್ಯಾಲೆಂಡರಿನ ಕೆಲಸ ಕೊಟ್ಟರು. ನಮ್ಮ ಬೀದಿಯಲ್ಲಿ ಉದ್ಯಾನವೆಂದರೆ ಹೂಬಿಟ್ಟ ಒಂದು ಗುಲ್‌ಮೊಹರ್ ಮರ. ಅದರ ಬುಡದಲ್ಲೇ ಬೀದಿಯ ನೀರಿನ ನಲ್ಲಿ, ನಲ್ಲಿಯ ಮುಂದೆ ಬಿಂದಿಗೆಗಳ ಸಾಲು. ಹೆಂಗಸರು ಬಿಂದಿಗೆಯಿಟ್ಟು ಮನೆಗೆ ಹೋದರೆ, ಸರದಿ ಕಾಯುವುದು ಅದರ ಕೆಲಸ. ಫೋಟೋಗ್ರಾಫರು ಅಷ್ಟನ್ನೂ ಎತ್ತಿ ಮೋರಿಯ ಆಚೆ ಗುಡ್ಡೆ ಹಾಕಿ, ಮರದ ಚಿತ್ರ ತೆಗೆದರು. ಸಾಲಿನ ಮೊದಲ ಬಿಂದಿಗೆ ತಮ್ಮ ಹೆಂಡತಿಯದೇ ಎಂಬುದು ಆ ಮಹಾನುಭಾವರಿಗೆ ಹೊಳೆಯಲಿಲ್ಲ.

ನೀರು ಬಂತು. ಯಾರ ಹಿಂದೆ ಯಾರು ಎಂದು ಬೀದಿಯೇ ಕಿತ್ತಾಡಿತು. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಪ್ಪಿದರು: ಫೋಟೋಗ್ರಾಫರ ಮನೆಯ ಬಿಂದಿಗೆ ಕಟ್ಟಕಡೆಗೆ. ಅದರ ಸರದಿ ಬರುವಷ್ಟರಲ್ಲಿ ನಲ್ಲಿ ನಿಂತುಹೋಯಿತು.

ಸಂಜೆ ಅವರೇ ಖಾಲಿ ಬಕೆಟ್ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಅಮ್ಮಾ, ಫಿಲಂ ತೊಳೀಬೇಕು, ಸ್ವಲ್ಪ ನೀರು ಕೊಡ್ತೀರಾ? ನಾಳೆ ಫೋಟೋ ಕೊಡದಿದ್ರೆ ಕೆಲಸ ಬೇರೆಯವರ ಪಾಲಾಗತ್ತೆ."

ಅಮ್ಮ ಕೊಟ್ಟರು. ಉದ್ಯಾನನಗರಿ ನಮ್ಮ ಮನೆಯ ನೀರಿನಲ್ಲಿ ಮಿಂದು ಹೊರಟಿತು.

ಹೊಸ ವರ್ಷಕ್ಕೆ ಬಂದ ಕ್ಯಾಲೆಂಡರನ್ನು ಅವರ ಹೆಂಡತಿ ಬಚ್ಚಲುಮನೆಯಲ್ಲಿ, ಹಂಡೆಯ ಮೇಲಿನ ಗೋಡೆಗೆ ತೂಗುಹಾಕಿದರು. ಗಂಡ ಟವೆಲ್ ಹೊದ್ದು ಸ್ನಾನಕ್ಕೆ ಹೊರಟಾಗಲೆಲ್ಲ ಆಕೆಯ ದನಿ ನಮ್ಮ ಮನೆಗೂ ಕೇಳುತ್ತಿತ್ತು:

"ನೀರಿಲ್ಲ ಕಣ್ರೀ, ಚಿತ್ರ ನೋಡ್ಕೊಂಡು ಬಂದ್ಬಿಡಿ. ಅದು ಚೆನ್ನಾಗಿ ಬಂದಿದೆ."