ಕಿಸೆ ತೋರಿಸಿ ಮಾರಾಯ್ರೆ

ಟೀಚರ ಎರಡೂ ಕಾಲಿನ ಹೆಬ್ಬೆರಳ ಉಗುರುಗಳು ಕಪ್ಪಾಗಿದ್ದವು. ಬಣ್ಣ ಹಚ್ಚಿದ್ದಲ್ಲ, ಕಾಯಿಲೆಯೂ ಅಲ್ಲ. ಬೆಟ್ಟ ಇಳಿಯುವಾಗ ಬೂಟಿನ ಮೂತಿಗೆ ಬೆರಳು ಗುದ್ದಿ ಗುದ್ದಿ ಆದದ್ದು. ಮನೆಯಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡು ಓಡಾಡುವಾಗ ಅವು ಎದ್ದು ಕಾಣುತ್ತಿದ್ದವು. ಡಾಕ್ಟರಿಗೆ ತೋರಿಸಿದಿರಾ ಎಂದು ನಾನು ಮೊದಲ ಸಲ ಕೇಳಿದಾಗ ಅವರು ನಕ್ಕರು. "ಡಾಕ್ಟರಿಗೆ ಯಾಕೆ ಮಾರಾಯ್ರೆ? ಹತ್ತಿದ್ದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ. ಇಳಿದದ್ದಕ್ಕೆ ಇದುಂಟಲ್ಲ."

ನೈರೋಬಿಯ ಲಂಗಾಟಾದ ನಮ್ಮ ಕಾಂಪೌಂಡಿನಲ್ಲಿ ನನ್ನ ಮನೆಯ ಕೆಳಗಿನ ಮನೆ ಅವರದು. ಮಂಗಳೂರು ಕಡೆಯ ಕ್ಯಾಥೊಲಿಕ್ ಹೆಂಗಸು, ಮನೆಮಾತು ಕೊಂಕಣಿ. ಇಲ್ಲಿನ ಶಾಲೆಯೊಂದರಲ್ಲಿ ಮೂವತ್ತೈದು ವರ್ಷ ಭೂಗೋಳ ಕಲಿಸಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ನಾನು ಮೈಸೂರಿನವನು. ಬ್ಯಾಂಕುಗಳ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಎರಡು ವರ್ಷಕ್ಕೆಂದು ಕಂಪನಿ ಇಲ್ಲಿಗೆ ಕಳಿಸಿತ್ತು, ಏಳು ವರ್ಷವಾಯಿತು. ಮದುವೆಯಾಗಿಲ್ಲ, ಜನರನ್ನು ಬೇಗ ಹಚ್ಚಿಕೊಳ್ಳುವ ಸ್ವಭಾವವೂ ನನ್ನದಲ್ಲ. ಶನಿವಾರ ಬೆಳಿಗ್ಗೆ ಬಾಗಿಲು ಬಡಿದು "ಬೂಟ್ಸ್ ಉಂಟಾ?" ಎಂದು ಕೇಳುವವರಿಂದ ತಪ್ಪಿಸಿಕೊಳ್ಳಲು ಬರದೆ ಹೋಗತೊಡಗಿದೆ, ಅಷ್ಟೆ.

ತಿಂಗಳ ಮೊದಲ ಶನಿವಾರ ಟೀಚರ್ ಒಂದು ಮಟಾಟು ಮಿನಿಬಸ್ಸು ಗೊತ್ತುಮಾಡಿ ಏಳೆಂಟು ಕನ್ನಡ ಸಂಸಾರಗಳನ್ನೂ ನನ್ನನ್ನೂ ತುಂಬಿಕೊಂಡು ಹೊರಡುತ್ತಿದ್ದರು. ಒಮ್ಮೆ ನೈವಾಷಾ ಕೆರೆ, ಒಮ್ಮೆ ಮಗಾಡಿ ಕೆರೆ, ಒಮ್ಮೆ ಎನ್‌ಗಾಂಗ್ ಬೆಟ್ಟ. ಮಿಕ್ಕವರೆಲ್ಲ ಕೆರೆ ಕಂಡ ತಕ್ಷಣ ಫೋನು ತೆಗೆದರೆ ಇವರು ಕೆರೆಗೆ ಬೆನ್ನು ಹಾಕಿ ಸುತ್ತಲ ಗುಡ್ಡಗಳನ್ನು ನೋಡುತ್ತಿದ್ದರು. "ಕೆರೆ ನೋಡುವುದು ಅಂದರೆ ನೀರು ನೋಡುವುದಲ್ಲ. ಆ ನೀರು ಅಲ್ಲೇ ಯಾಕೆ ನಿಂತಿತು ಅಂತ ನೋಡುವುದು" ಎನ್ನುತ್ತಿದ್ದರು. ಮಕ್ಕಳನ್ನು ಕನ್ನಡದಲ್ಲಿ ಪ್ರಶ್ನೆ ಕೇಳುವರು. ಅವು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಕನ್ನಡ ಬರುವ ತನಕ ಕಿವುಡರಂತೆ ನಿಂತಿರುವರು. ಸ್ಟೀಲ್ ಡಬ್ಬಿಯಲ್ಲಿ ತಂದ ಉಪ್ಪಿಟ್ಟು ತಣ್ಣಗಾದರೂ ಪಾಠ ಮುಗಿಯುತ್ತಿರಲಿಲ್ಲ.

ಅವರದೊಂದು ಕಟ್ಟುನಿಟ್ಟು ಇತ್ತು. ಹಳೆಯ ಕಾಲದ ಜಾಗ ಯಾವುದೇ ಇರಲಿ, ಅಲ್ಲಿಂದ ಒಂದು ಹರಳನ್ನೂ ಯಾರೂ ತರುವ ಹಾಗಿಲ್ಲ. ಮಟಾಟು ಹತ್ತುವ ಮುಂಚೆ ಬಾಗಿಲಲ್ಲಿ ನಿಂತು "ಕಿಸೆ ತೋರಿಸಿ ಮಾರಾಯ್ರೆ" ಎನ್ನುವರು. ಗಂಡಸರು ಪ್ಯಾಂಟಿನ ಜೇಬು ಹೊರಗೆಳೆದು ತೋರಿಸಬೇಕು, ಹೆಂಗಸರು ಚೀಲ ಬಿಚ್ಚಬೇಕು. ಮಗಾಡಿ ರಸ್ತೆಯ ಒಲೊರ್ಗೆಸೈಲಿಗೆ ಹೋದಾಗ ಇದು ರಂಪವೇ ಆಯಿತು. ಅಲ್ಲಿ ಬಹಳ ಹಿಂದೆ ಕೆರೆಯಿತ್ತಂತೆ, ಈಗ ಬರೀ ಬಿಳಿ ಮಣ್ಣು; ಆ ಮಣ್ಣಿನ ಮೇಲೆ ಆದಿಮಾನವರು ಕೆತ್ತಿದ ಕಲ್ಲುಗೊಡಲಿಗಳು ಬಿದ್ದಿವೆ. ನಮ್ಮ ಜೊತೆ ಬಂದಿದ್ದ ಬ್ಯಾಂಕ್ ಮ್ಯಾನೇಜರೊಬ್ಬರ ಕನ್ನಡಕದ ಡಬ್ಬಿಯಲ್ಲಿ ಒಂದು ಕಪ್ಪು ಚಕ್ಕೆ ಸಿಕ್ಕಿತು.

"ಒಂದು ಚೂರು ತಾನೇ ಟೀಚರ್, ಅಲ್ಲಿ ರಾಶಿ ಬಿದ್ದಿದೆ" ಎಂದರು ಮ್ಯಾನೇಜರು.

"ಹೌದು. ನಿಮ್ಮ ಬ್ಯಾಂಕಿನಲ್ಲಿಯೂ ರಾಶಿ ಉಂಟು" ಎಂದರು ಟೀಚರ್.

ಡ್ರೈವರ್ ಟೀಚರನ್ನು ತನ್ನ ಭಾಷೆಯಲ್ಲಿ 'ಮ್ವಾಲಿಮು' ಎಂದು ಕರೆಯುತ್ತಿದ್ದ. ಅವನಿಗೆ ಕನ್ನಡ ಬಾರದು, ಆದರೂ ವಿಷಯ ತಿಳಿದು ಎಂಜಿನ್ ಆರಿಸಿ ಕೂತ. ಮ್ಯಾನೇಜರು ಸುಡುಬಿಸಿಲಿನಲ್ಲಿ ಒಬ್ಬರೇ ನಡೆದುಹೋಗಿ ಚಕ್ಕೆಯನ್ನು ಇಟ್ಟು ಬಂದರು. ಮತ್ತೆಂದೂ ನಮ್ಮ ಜೊತೆ ಬರಲಿಲ್ಲ. ಇಷ್ಟು ಕಠಿಣ ಬೇಕೇ ಎಂದು ನನಗೂ ಅನ್ನಿಸಿತ್ತು.

ವಾಪಸು ಬರುವಾಗ ಜಾಮಿನಲ್ಲಿ ಸಿಕ್ಕಿಕೊಂಡರೆ ಟೀಚರ್ ಐರ್ಲೆಂಡಿನ ಬೆಟ್ಟಗಳ ಮಾತು ತೆಗೆಯುತ್ತಿದ್ದರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮಂಗಳೂರಿನ ಸಿಸ್ಟರುಗಳು ಕಳಿಸಿ, ಅಲ್ಲಿ ಎರಡು ವರ್ಷ ಓದಿದ್ದರು. ಡಬ್ಲಿನ್ನಿನ ದಕ್ಷಿಣಕ್ಕೆ ವಿಕ್ಲೋ ಬೆಟ್ಟಗಳು, ಅದರೊಳಗೊಂದು ಕಣಿವೆ, ಕಣಿವೆಯಲ್ಲಿ ಎರಡು ಕೆರೆ. "ಮೊದಲು ಅದು ಒಂದೇ ಕೆರೆ. ಮಂಜುಗಡ್ಡೆ ಕೊರೆದ ಹೊಂಡ. ಪಕ್ಕದ ಗುಡ್ಡದಿಂದ ಹರಿಯುವ ತೋಡು ಕಲ್ಲು ಮಣ್ಣು ತಂದು ತಂದು ನಡುವೆ ಹಾಕಿತು, ಒಂದು ಎರಡಾಯಿತು. ಜಗಳ ಇಲ್ಲದೆ ಪಾಲಾದ ಆಸ್ತಿ ನಾನು ನೋಡಿದ್ದು ಅದೊಂದೇ." ಅಲ್ಲಿ ಸಾವಿರ ವರ್ಷ ಹಿಂದಿನ ಕ್ರೈಸ್ತ ಸನ್ಯಾಸಿಗಳ ಮಠವಿತ್ತಂತೆ. ಈಗ ಉಳಿದಿರುವುದು ಪೆನ್ಸಿಲಿನಂಥ ದುಂಡು ಗೋಪುರ, ಸೂರಿಲ್ಲದ ಇಗರ್ಜಿಗಳು, ಒರಳಿನ ಹಾಗೆ ಗುಳಿಬಿದ್ದ ಒಂದು ಬಂಡೆ. ಮೇಲಿನ ಕೆರೆಯ ಹತ್ತಿರದ ಇಗರ್ಜಿಗೆ ಯಾತ್ರಿಕರು ಸುತ್ತು ಬಂದು ಸುತ್ತಿಗೊಂದು ಬಿಳಿ ಕಲ್ಲು ಇಡುತ್ತಿದ್ದರಂತೆ. "ನಿಮ್ಮ ಪ್ರದಕ್ಷಿಣೆಯೇ. ಲೆಕ್ಕ ತಪ್ಪಬಾರದು ಅಂತ ಕಲ್ಲು."

ಎರಡು ವರ್ಷದ ಹಿಂದೆ ಅವರ ಹೃದಯ ಸೋಲತೊಡಗಿತು. ಏರು ಹತ್ತಕೂಡದು, ವಿಮಾನ ಹತ್ತಕೂಡದು, ಸಮತಟ್ಟು ನೆಲದಲ್ಲಿ ನಡೆಯಿರಿ ಎಂದರು ಅಪ್ಪರ್ ಹಿಲ್ಲಿನ ಡಾಕ್ಟರು. "ಸಮತಟ್ಟಿನಲ್ಲಿ ನೋಡುವುದು ಎಂತ ಉಂಟು?" ಎಂದು ಟೀಚರ್ ನನ್ನನ್ನು ಕೇಳಿದರು. ಆಗಲೇ ನನ್ನ ಕಂಪನಿ ಹತ್ತು ದಿನದ ಕೆಲಸಕ್ಕೆ ನನ್ನನ್ನು ಡಬ್ಲಿನ್ನಿಗೆ ಕಳಿಸುವುದೆಂದು ಗೊತ್ತಾಯಿತು. ಹೇಳಲು ಹೋದೆ. ಅವರು ಒಳಗೆ ಹೋಗಿ ಒಂದು ಶೂ ಡಬ್ಬಿ ತಂದರು. ಡಬ್ಬಿಯೊಳಗೆ ಕರವಸ್ತ್ರ, ಕರವಸ್ತ್ರದೊಳಗೆ ಪಾರಿವಾಳದ ಮೊಟ್ಟೆಯಷ್ಟು ದೊಡ್ಡ ಬಿಳಿ ಕಲ್ಲು. ನುಣುಪಾಗಿತ್ತು, ನಡುವೆ ಓರೆಯಾಗಿ ಬೂದು ಬಣ್ಣದ ಒಂದು ಗೆರೆ.

"ಆ ಇಗರ್ಜಿಯ ಕಲ್ಲಿನ ರಾಶಿಯಿಂದ ತೆಗೆದದ್ದು" ಎಂದರು. "ಯಾರೋ ಒಬ್ಬರು ಇಟ್ಟ ಸುತ್ತು. ಚಂದ ಕಂಡಿತು, ಕಿಸೆಗೆ ಹಾಕಿದೆ. ಐವತ್ತು ವರ್ಷದ ಮೇಲಾಯಿತು. ಊರವರದ್ದೆಲ್ಲ ಕಿಸೆ ನೋಡಿದೆ ನಾನು. ನನ್ನ ಕಿಸೆ ಯಾರೂ ನೋಡಲಿಲ್ಲ." ಅದೇ ಪಾಠದ ಧ್ವನಿ. "ಇದನ್ನು ಅಲ್ಲಿ ಇಟ್ಟು ಬರಬೇಕು. ನಾನು ಹೋಗುವ ಮೊದಲು ಆಗಬೇಕು. ಆಯ್ತಾ?"

ಆಯಿತು ಎಂದೆ. ಹಳೆಯ ಉತ್ತರಪತ್ರಿಕೆಯ ಹಿಂದೆ ನಕ್ಷೆ ಬರೆದುಕೊಟ್ಟರು. ಇಟ್ಟ ಮೇಲೆ ಫೋಟೊ ಕಳಿಸಬೇಕೆಂದೂ ಹೇಳಿದರು.

ಆಗ ಮೈಸೂರಿನಿಂದ ಅಮ್ಮ ನನ್ನ ಜೊತೆ ಇರಲು ಬಂದಿದ್ದಳು. ಹೊರಡುವ ಹಿಂದಿನ ರಾತ್ರಿ ಕರವಸ್ತ್ರದ ಗಂಟನ್ನು ಊಟದ ಮೇಜಿನ ಮೇಲೆ ಇಟ್ಟು ಮಲಗಿದೆ. ಮಾರನೆಯ ದಿನ ಅದನ್ನು ಹಾಗೇ ಎತ್ತಿ ಕೈಚೀಲಕ್ಕೆ ಹಾಕಿಕೊಂಡು ಹೊರಟೆ. ದಿನವಿಡೀ ಬೇರೆಯವರ ಕೆಲಸ ಪರೀಕ್ಷಿಸುವವನು ಅದೊಂದನ್ನು ಬಿಚ್ಚಿ ನೋಡಲಿಲ್ಲ.

ಡಬ್ಲಿನ್ನಿನಲ್ಲಿ ರಜೆ ಸಿಕ್ಕ ಭಾನುವಾರ ಬಸ್ಸು ಹಿಡಿದು ಕಣಿವೆಗೆ ಹೋದೆ. ಟೀಚರ ನಕ್ಷೆ ಒಂದಿಂಚೂ ತಪ್ಪಿರಲಿಲ್ಲ. ಗೋಪುರ, ಕೆಳಗಿನ ಕೆರೆ, ಓಕ್ ಮರಗಳ ನಡುವಿನ ದಾರಿ, ಆಮೇಲೆ ಮೇಲಿನ ಕೆರೆ. ಎರಡೂ ಕಡೆ ಕಡಿದಾದ ಗುಡ್ಡ, ನಡುವೆ ಕಪ್ಪು ನೀರು. ಜಿಟಿಜಿಟಿ ಮಳೆ. ನಾನೂ ಕೆರೆಗೆ ಬೆನ್ನು ಹಾಕಿ, ನೀರು ಯಾಕೆ ನಿಂತಿತೆಂದು ನೋಡಿದೆ. ಇಗರ್ಜಿಯ ಬಲಕ್ಕೆ ಗುಳಿಬಿದ್ದ ಬಂಡೆ, ಅದರ ಬುಡದಲ್ಲಿ ಪಾಚಿ ಹಿಡಿದ ಬಿಳಿ ಕಲ್ಲುಗಳ ಸಣ್ಣ ರಾಶಿ. ಬಗ್ಗಿ ಗಂಟು ಬಿಚ್ಚಿದೆ. ಒಳಗೆ ಎರಡು ಬಟ್ಟಲಡಿಕೆ, ಒಂದು ಅರಿಶಿನ ಕೊಂಬು.

ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿ ಗಂಟಿನಲ್ಲಿದ್ದ ಕಲ್ಲೆಲ್ಲಿ ಎಂದು ಕೇಳಿದೆ.

"ಅದು ಬಾಣಲಿಂಗ ಕಣೋ" ಎಂದಳು ಅಮ್ಮ ನಿಧಾನವಾಗಿ. "ಜನಿವಾರದ ಗೆರೆ ಎಷ್ಟು ಚೆನ್ನಾಗಿದೆ! ಅಂಥದ್ದನ್ನ ಊಟದ ಮೇಜಿನ ಮೇಲೆ ಇಡ್ತಾರೇನೋ? ದೇವರ ಗೂಡಲ್ಲಿ ಇಟ್ಟಿದ್ದೀನಿ. ದಿನಾ ಹಾಲು ನೀರು ಹಾಕ್ತಿದ್ದೀನಿ. ದೊಡ್ಡೋರು ಕೊಟ್ಟ ಬಟ್ಟೆ ಬರಿದಾಗಿರಬಾರದು ಅಂತ ಅಡಿಕೆ, ಅರಿಶಿನ ಕಟ್ಟಿದೆ. ಯಾಕೆ, ಏನಾಯ್ತು?"

ಏನೂ ಆಗಿಲ್ಲ ಎಂದೆ. ಆಮೇಲೆ ಮಾಡಿದ ಕೆಲಸವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ರಾಶಿಯ ಫೋಟೊ ತೆಗೆದು "ಇಟ್ಟೆ ಟೀಚರ್" ಎಂದು ಬರೆದು ಕಳಿಸಿದೆ. ಕಾಯಿಲೆಯ ಮನುಷ್ಯರಿಗೆ ಸಮಾಧಾನವಾಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ನಿಮಿಷಕ್ಕೆ ಉತ್ತರ ಬಂತು: "ಇದರಲ್ಲಿ ನನ್ನದು ಯಾವುದು?" ಎಡಗಡೆ ತುದಿಯದು ಎಂದು ಬರೆದೆ. ಅದಕ್ಕೆ ಉತ್ತರ ಬರಲಿಲ್ಲ.

ನೈರೋಬಿಗೆ ಬಂದ ಸಂಜೆಯೇ ಕೆಳಗಿನ ಮನೆಗೆ ಹೋದೆ. ಟೀಚರ್ ಬಾಗಿಲಲ್ಲೇ ನಿಂತಿದ್ದರು, ಕಾಲು ಊದಿಕೊಂಡಿತ್ತು. ಒಳಗೆ ಬನ್ನಿ ಎನ್ನಲಿಲ್ಲ. "ಕಿಸೆ ತೋರಿಸಿ ಮಾರಾಯ್ರೆ" ಎಂದರು.

ಎರಡೂ ಜೇಬು ಹೊರಗೆಳೆದೆ. ಕರವಸ್ತ್ರದ ಗಂಟು ಸಿಕ್ಕಿತು. ಅವರು ಬಿಚ್ಚಿ, ಅಡಿಕೆ ನೋಡಿ, ನನ್ನ ಮುಖ ನೋಡಿದರು. ನಾನು ಎಲ್ಲ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು. "ನೀವು ಹೇಳಿದ ಕಲ್ಲಿಗೆ ಪಾಚಿ ಹಿಡಿದಿತ್ತು" ಎಂದರು, ಅಷ್ಟೇ. ಆಮೇಲೆ, "ನಿಮ್ಮ ಅಮ್ಮನ ಹತ್ತಿರ ಹೋಗುವ" ಎಂದು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತತೊಡಗಿದರು. ಏರು ಕೂಡದೆಂದು ನೆನಪಿಸಿದರೆ ಕೇಳಿಸಿಕೊಳ್ಳಲಿಲ್ಲ.

ದೇವರ ಗೂಡಿನಲ್ಲಿ ಗಣಪತಿಯ ಪಕ್ಕ ಕಲ್ಲು ಕೂತಿತ್ತು. ನೆತ್ತಿಯ ಮೇಲೆ ಕುಂಕುಮ, ಎದುರಿಗೆ ಎರಡು ಸೇವಂತಿಗೆ. ಟೀಚರ್ ಬಹಳ ಹೊತ್ತು ನೋಡಿದರು. "ನಾನು ಇಷ್ಟು ವರ್ಷ ಶೂ ಡಬ್ಬಿಯಲ್ಲಿ ಇಟ್ಟಿದ್ದೆ. ನೀವು ಮರ್ಯಾದೆ ಕೊಟ್ಟಿದ್ದೀರಿ" ಎಂದರು. ಅಮ್ಮನಿಗೆ ಖುಷಿಯಾಯಿತು. ಆಮೇಲೆ ಟೀಚರ್ ಕೂತು ವಿಷಯ ಹೇಳಿದರು. ಮುಚ್ಚುಮರೆಯಿಲ್ಲದೆ, 'ನಾನು ಕದ್ದದ್ದು' ಎಂಬ ಮಾತನ್ನೇ ಬಳಸಿ.

ಅಮ್ಮ ಯೋಚಿಸಿದಳು. ಪೂಜೆಗೆ ಕೂತ ದೇವರನ್ನು ಎಬ್ಬಿಸುವುದು ಅವಳಿಗೆ ಸಣ್ಣ ಮಾತಲ್ಲ. "ಆ ಜಾಗದ ಹತ್ತಿರ ನೀರಿದೆಯಾ?" ಎಂದು ಕೇಳಿದಳು.

"ಎರಡು ಕೆರೆ ಉಂಟು."

"ಹಾಗಾದ್ರೆ ವಿಸರ್ಜನೆ ಅಂದ್ಕೊಳ್ಳೋಣ ಬಿಡಿ. ಗಣಪತೀನೇ ಕಳಿಸ್ತೀವಲ್ಲ." ಅವಳು ಕಲ್ಲನ್ನು ವೀಳ್ಯದ ತಟ್ಟೆಯಲ್ಲಿಟ್ಟು ಟೀಚರ ಕೈಗೆ ಕೊಟ್ಟಳು. ಟೀಚರ್ ಅದನ್ನು ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗಿಟ್ಟರು. ಸುಳ್ಳು ಹೇಳಿದವನಿಗೆ ಮತ್ತೆ ಅದನ್ನೇ ಒಪ್ಪಿಸಿದರು. ನನ್ನನ್ನು ಅಷ್ಟು ನಂಬಿದವರು ಮತ್ತೊಬ್ಬರಿಲ್ಲ.

ಮೂರು ತಿಂಗಳಿಗೆ ಟೀಚರ್ ತೀರಿಕೊಂಡರು. ನನಗೆ ರಜೆ, ವೀಸಾ ಎರಡೂ ಹೊಂದಿಬರುವುದರೊಳಗೆ ಆಗಿಹೋಯಿತು. ಲಂಗಾಟಾದಲ್ಲೇ ಮಣ್ಣಾಯಿತು. ಅವರ ಕಡೆಯವರು ಕೊಂಕಣಿಯಲ್ಲಿ ಹಾಡಿದರು. ಮಟಾಟು ಡ್ರೈವರ್ ಟೋಪಿ ಕೈಯಲ್ಲಿ ಹಿಡಿದು ದೂರ ನಿಂತಿದ್ದ. ನಾನು ಅತ್ತೆ. 'ನಾನು ಹೋಗುವ ಮೊದಲು' ಎಂಬ ಮಾತನ್ನು ಉಳಿಸಲಾಗಲಿಲ್ಲ.

ಕಳೆದ ವರ್ಷ ಕಲ್ಲಿಗಾಗಿಯೇ ಐರ್ಲೆಂಡಿಗೆ ಹೋದೆ. ಕಣಿವೆಯಲ್ಲಿ ಅದೇ ಮಳೆ. ಇಗರ್ಜಿಗೆ ಒಂದು ಸುತ್ತು ಬಂದೆ. ಅದು ಯಾರೋ ಒಬ್ಬರ ಸುತ್ತಾದ್ದರಿಂದ ಒಂದೇ ಸಾಕೆನಿಸಿತು. ಕಲ್ಲನ್ನು ರಾಶಿಯ ಮೇಲಿಟ್ಟೆ. ಗೆರೆಯೊಳಗೆ ಅಮ್ಮನ ಕುಂಕುಮ ಇನ್ನೂ ಸ್ವಲ್ಪ ಉಳಿದಿತ್ತು, ಮಳೆಗೆ ಕರಗತೊಡಗಿತು. ಫೋಟೊ ತೆಗೆದೆ, ಕಳಿಸಲು ಯಾರೂ ಇರಲಿಲ್ಲ.

ಹೊರಡುವ ಮುಂಚೆ ದಾರಿಯಲ್ಲಿ ನಿಂತು ಪ್ಯಾಂಟಿನ ಎರಡೂ ಜೇಬು ಹೊರಗೆಳೆದೆ, ಕೋಟಿನದನ್ನೂ. ನಾಯಿ ಹಿಡಿದುಕೊಂಡು ಬರುತ್ತಿದ್ದ ಮುದುಕನೊಬ್ಬ ನಿಂತು, ಏನಾದರೂ ಕಳೆದುಕೊಂಡಿರಾ ಎಂದು ಕೇಳಿದ.

ಇಲ್ಲ, ಏನೂ ತೆಗೆದುಕೊಂಡಿಲ್ಲ ಎಂದು ತೋರಿಸುತ್ತಿದ್ದೇನೆ ಎಂದೆ. ಯಾರಿಗೆ ಎಂದು ಅವನು ಕೇಳಲಿಲ್ಲ.